ಮದ್ದಿನ ಮನೆಯ ಸಣ್ಣೋಬ ಬಳೆ ಹೇರಿ ತಂದದ್ದು

ಒಂದಾನೊಂದು ಕಾಲದಲ್ಲಿ, ಊರಿಗೊಂದು ಕೋಟೆ, ಕೋಟೆಗೊಬ್ಬ ದೊರೆ ಇದ್ದ ಕಾಲದಲ್ಲಿ, ಸಣ್ಣೋಬ ಅಂತ ಒಬ್ಬ ಸಿಪಾಯಿ ಇದ್ದನಂತೆ. ಕತ್ತಿ ಹಿಡಿಯೋ ಸಿಪಾಯಿ ಅಲ್ಲ ಕಂದ, ಮದ್ದಿನ ಮನೆಯವನು. ತೋಪಿಗೆ ತುಂಬೋ ಕರೀ ಮದ್ದನ್ನ ಮಡಕೆಗಳಲ್ಲಿಟ್ಟು, ಎತ್ತಿನ ಮೇಲೆ ಹೇರಿ, ಗುಡ್ಡ ಹತ್ತಿಸಿ ಇಳಿಸೋದು ಅವನ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿದ, ಒಂದು ಮಡಕೆಯನ್ನೂ ಒಡೆಯಲಿಲ್ಲವಂತೆ. ಆಮೇಲೆ ದಳವಾಯಿ ಮುಂದೆ ಕೈಮುಗಿದು, ಸ್ವಾಮಿ, ಹೆಂಡತಿ ಒಬ್ಬಳೇ ಇದ್ದಾಳೆ, ಮನೆಗೆ ಹೋಗ್ತೀನಿ ಅಂದನಂತೆ. ದಳವಾಯಿ ಮೀಸೆ ತಿರುವಿ, ಹೋಗು, ಆದರೆ ಒಂದು ವರ್ಷದೊಳಗೆ ನಿನ್ನದೊಂದು ಕಸುಬು ನೆಲೆ ನಿಲ್ಲಬೇಕು, ಇಲ್ಲದಿದ್ರೆ ಸೀದಾ ವಾಪಸ್ ಮದ್ದಿನ ಮನೆಗೆ ಅಂತ ಗುಡುಗಿದನಂತೆ.

ಹೆಂಡತಿ ಮಾರಕ್ಕ ಬುಟ್ಟಿ ಹೊತ್ತು ಬಳೆ ಮಾರ್ತಿದ್ದವಳು. ಊರಿನವರಿಗೆಲ್ಲ ಬಳೆ ತೊಡಿಸಿದರೂ ಅವಳ ಕೈಯಲ್ಲಿ ಮಾತ್ರ ಒಂದೊಂದೇ ಹಳೇ ಬಳೆ. ಗಂಡ ಇನ್ನು ಬಿಟ್ಟು ಹೋಗೋದೇ ಇಲ್ಲ ಅಂತ ಗಟ್ಟಿಯಾದ ದಿನ ಕೈತುಂಬ ಹಸಿರು ಬಳೆ ತೊಡ್ತೀನಿ ಅಂತ ಅವಳ ಹಟ.

ಸಣ್ಣೋಬ ಬಂದವನೇ ಅವಳ ಬುಟ್ಟಿ ಇಳಿಸಿ, ಬೀದೀಲಿ ಬಳೆ ಅಂಗಡಿ ಹಾಕಿದನಂತೆ. ಸಿಪಾಯಿ ಅಂಗಡಿ ಅಂದ್ರೆ ಹೇಗಿರುತ್ತೆ ಹೇಳು? ಬಂದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ! ಬೆರಳು ಕೂಡಿಸಿ! ಅಲ್ಲಾಡಬಾರದು! ಅಂತ ಕೂಗೋನಂತೆ. ಒಬ್ಬ ಮುದುಕಿ, ಏನಪ್ಪಾ, ಬಳೆ ತೊಡಿಸ್ತೀಯೋ ಯುದ್ಧಕ್ಕೆ ಕಳಿಸ್ತೀಯೋ ಅಂತ ಬೈದು ಎದ್ದೇ ಹೋದಳಂತೆ. ಹೀಗೇ ಹನ್ನೊಂದು ತಿಂಗಳು ಕಳೆಯೋ ಹೊತ್ತಿಗೆ ಅಂಗಡಿಗೆ ಬರೋದು ನೊಣ ಮಾತ್ರ.

ಆಮೇಲೆ ಮಾರಕ್ಕ ಹಣೆ ಚಚ್ಚಿಕೊಂಡು, ಅಲ್ಲ ಮಾರಾಯ, ಹನ್ನೆರಡು ವರ್ಷ ನೀನು ಹೀಗೇ ಕೂಗ್ತಿದ್ಯಾ ಅಂತ ಕೇಳಿದಳಂತೆ. ಇಲ್ಲ ಕಣೇ, ಕೂಗ್ತಿದ್ದದ್ದು ದಳವಾಯಿ, ಮದ್ದಿನವರು ಪಿಸುಮಾತಿನವರು ಅಂದನಂತೆ. ಮತ್ತೆ ನಿನ್ನ ಕೆಲಸ ಅಲ್ಲೇ ಬಿಟ್ಟು ಅವನ ಗಂಟಲನ್ನ ಯಾಕೆ ಹೊತ್ಕೊಂಡು ಬಂದೆ? ಅಂದಳಂತೆ.

ಅಷ್ಟರಲ್ಲಿ ಡಂಗುರ! ಡುಂ ಡುಂ ಡುಂ! ದೊರೆ ಮಗಳ ಮದುವೆ, ಬಳೆ ಶಾಸ್ತ್ರಕ್ಕೆ ಗುಡ್ಡದಾಚೆಯ ಬಳೆ ಮಾಡೋ ಊರಿಂದ ಹಸಿರು ಗಾಜಿನ ಬಳೆ ತರಬೇಕು, ಐದನೇ ದಿನ ಮಧ್ಯಾಹ್ನದೊಳಗೆ ಒಡೆಯದೆ ತಂದವರಿಗೆ ಕೋಟೆ ಬಾಗಿಲ ಪಕ್ಕದ ಅಂಗಡಿ! ಊರಿನ ದೊಡ್ಡ ಬಳೆ ವ್ಯಾಪಾರಿ ರುದ್ರಶೆಟ್ಟಿ ಮೂರು ಗಾಡಿ ಕಟ್ಟಿದನಂತೆ. ಸಣ್ಣೋಬನ ಹತ್ರ ಒಂದೇ ಎತ್ತು. ಅದರ ಮೇಲೆ ಎರಡು ಖಾಲಿ ಬುಟ್ಟಿ ಹಾಕ್ಕೊಂಡು ಆ ಊರಿಗೆ ಹೋದ, ಖಾಲಿ ಬುಟ್ಟಿಯಲ್ಲೇ ವಾಪಸ್ ಬಂದನಂತೆ! ಶೆಟ್ಟಿ ಹೊಟ್ಟೆ ಹಿಡಕೊಂಡು ನಕ್ಕು, ನೋಡ್ರೋ, ಸಿಪಾಯಿ ಗಾಳಿ ವ್ಯಾಪಾರ ಶುರು ಮಾಡಿದ್ದಾನೆ ಅಂದನಂತೆ. ಸಣ್ಣೋಬ ಮಾರಕ್ಕನ ಕಿವೀಲಿ, ಖಾಲಿ ಹೇರಲ್ಲಿ ಒಂದ್ಸಲ ನಡೆಯದ ದಾರೀಲಿ ನಾವು ಮದ್ದು ಒಯ್ತಿರಲಿಲ್ಲ ಕಣೇ ಅಂದನಂತೆ.

ಎರಡನೇ ಸಲ ಗಂಡ ಹೆಂಡತಿ ಇಬ್ಬರೂ ಹೋದರು. ಬಳೆಗೆ ಬಳೆ ತಾಗದ ಹಾಗೆ ರಾಗಿ ಹುಲ್ಲು ಸುತ್ತಿದರು, ಬುಟ್ಟಿ ಅಲ್ಲಾಡಿಸಿ ಕಿವಿಗೊಟ್ಟರು, ಕಿಣಿ ಅಂದ್ರೆ ಬಿಚ್ಚಿ ಮತ್ತೆ ಕಟ್ಟಿದರು, ಎತ್ತಿನ ಕೊರಳ ಗಂಟೆಯನ್ನೂ ತೆಗೆದರು. ಐದನೇ ದಿನ ಬೆಳಗ್ಗೆ ಆ ಊರಿಂದ ಹೊರಟರೆ, ಶೆಟ್ಟಿಯ ಮೂರು ಗಾಡಿ ಜಣ ಜಣ ಅಂತ ಮುಂದೆ!

ಮೊದಲು ಹಳ್ಳ ಬಂತು. ಶೆಟ್ಟಿ ಗಾಡಿ ಎದುರಿಗೆ ಕಂಡಲ್ಲೇ ಇಳೀತು, ಪಾಚಿ ಕಲ್ಲು, ಜರ್ರ್ ಅಂತ ಜಾರಿ ಒಂದು ಗಾಡಿ ಮಗುಚಿತಂತೆ. ಸಣ್ಣೋಬ ನಲವತ್ತು ಹೆಜ್ಜೆ ಮೇಲಕ್ಕೆ ಹೋಗಿ, ಮೊನ್ನೆ ನೋಡಿಟ್ಟಿದ್ದ ಮರಳಿನ ಮೇಲೆ ದಾಟಿದನಂತೆ. ಆಮೇಲೆ ಕೋತಿಗುಡ್ಡ ಬಂತು. ಸದ್ದು ಕೇಳಿದ್ದೇ ತಡ, ಕೋತಿಗಳು ಶೆಟ್ಟಿಯ ಎರಡನೇ ಗಾಡಿಗೆ ಹಾರಿ, ಕೈಗೊಂದು ಕಾಲಿಗೊಂದು, ಬಾಲಕ್ಕೆ ನಾಲ್ಕು ಬಳೆ ತೊಟ್ಟುಕೊಂಡು ಮರ ಹತ್ತಿದವಂತೆ! ಸದ್ದೇ ಇಲ್ಲದ ಸಣ್ಣೋಬನ ಎತ್ತಿನ ಕಡೆ ಒಂದು ಕೋತಿಯೂ ತಿರುಗಿ ನೋಡಲಿಲ್ಲ.

ಆಮೇಲೆ ಕೋಟೆ ಕಾಣಿಸ್ತು. ಆಗ ಕೊತ್ತಲದ ಮೇಲಿಂದ ಕಹಳೆ, ಪೂಂ! ಸಣ್ಣೋಬ ಗಕ್ಕನೆ ನಿಂತನಂತೆ. ಮದುವೆ ಗಂಡು ಬಂದಿದ್ದಾನೆ, ಮೂರು ಕಹಳೆ ಊದಿದ ಮೇಲೆ ಕುಶಾಲು ತೋಪು ಹಾರಿಸ್ತಾರೆ! ಆ ತೋಪಿಗೆ ಮದ್ದು ಹೊತ್ತವನು ಅವನೇ ಅಲ್ವಾ, ಅವನಿಗೆ ಗೊತ್ತಾಗದೆ ಇರುತ್ತಾ? ಎರಡನೇ ಕಹಳೆಗೆ ಗಂಡ ಹೆಂಡತಿ ಸೇರಿ ಬುಟ್ಟಿ ನೆಲಕ್ಕಿಳಿಸಿ, ಎತ್ತನ್ನ ಮರಕ್ಕೆ ಕಟ್ಟಿದರಂತೆ. ಆಮೇಲೆ ಸಣ್ಣೋಬ ಹನ್ನೊಂದು ತಿಂಗಳು ಅಂಗಡೀಲಿ ಕೂಗಿದ್ದನ್ನೆಲ್ಲ ಒಟ್ಟು ಸೇರಿಸಿ, ಶೆಟ್ರೇ! ಗಾಡಿ ನಿಲ್ಲಿಸಿ! ಹೊರೆ ಇಳಿಸಿ! ತೋಪು ಹಾರುತ್ತೇ! ಅಂತ ಕೂಗಿದನಂತೆ. ಶೆಟ್ಟಿ ತಿರುಗಿ, ಹೋಗಯ್ಯಾ, ಹುಕುಂ ಎಲ್ಲ ನಿನ್ನ ಹೆಂಡತಿಗೆ ಮಾಡು ಅಂದನಂತೆ.

ಮೂರನೇ ಕಹಳೆ. ಢಮಾರ್!

ಶೆಟ್ಟಿಯ ಮೂರನೇ ಗಾಡಿಯ ಎತ್ತುಗಳು ಗಾಡಿ ಸಮೇತ ಹೊಲಕ್ಕೆ ನುಗ್ಗಿದವು, ಉಳಿದದ್ದು ಗಾಜಿನ ಚೂರು. ಸಣ್ಣೋಬನ ಎತ್ತೂ ನಾಲ್ಕು ಕಾಲಲ್ಲಿ ಕುಣೀತು, ಆದರೆ ಬೆನ್ನ ಮೇಲೆ ಏನಿತ್ತು ಒಡೆಯೋದಕ್ಕೆ? ಹೊಗೆ ಅಡಗಿದ ಮೇಲೆ ಮತ್ತೆ ಹೇರಿ, ಸೂರ್ಯ ನೆತ್ತಿಗೆ ಬರೋ ಮುಂಚೆ ಕೋಟೆ ಬಾಗಿಲಲ್ಲಿ ಇಳಿಸಿದರಂತೆ. ದೊರೆಸಾನಿ ಹುಲ್ಲು ಬಿಡಿಸಿ ನೋಡ್ತಾಳೆ, ಒಂದು ಬಳೆಯಲ್ಲೂ ಬಿರುಕಿಲ್ಲ!

ವರ್ಷ ತುಂಬಿದ ದಿನ ದಳವಾಯಿ ಬಂದನಂತೆ. ಕೋಟೆ ಬಾಗಿಲ ಅಂಗಡಿ ಮುಂದೆ ಹೆಂಗಸರ ಸಾಲು. ಒಳಗೆ ಸಣ್ಣೋಬ ಮಾರಕ್ಕನ ಕೈ ಹಿಡಿದು, ಕೈ ಸಡಿಲ ಬಿಡೇ, ನೋವಾಗಲ್ಲ ಅಂತ ಪಿಸುಗುಡ್ತಾ ಒಂದೊಂದೇ ಹಸಿರು ಬಳೆ ಏರಿಸ್ತಿದ್ದನಂತೆ. ದಳವಾಯಿ, ಏಯ್ ಸಣ್ಣೋಬಾ! ಅಂತ ಗುಡುಗಿದ. ಸಣ್ಣೋಬ ತಲೆ ಎತ್ತದೆ ತುಟಿ ಮೇಲೆ ಬೆರಳಿಟ್ಟು, ಶ್ಶ್, ಮೆಲ್ಲಗೆ ಸ್ವಾಮಿ, ಗಾಜಿನ ಕೆಲಸ ನಡೀತಿದೆ ಅಂದನಂತೆ.

ದಳವಾಯಿ ಆ ಕೈತುಂಬ ಬಳೆ ನೋಡಿದ, ಅಂಗಡಿ ನೋಡಿದ. ಆಮೇಲೆ ಮೀಸೆ ಇಳಿಸಿ, ನಮ್ಮನೆಯವಳಿಗೂ ಎರಡು ಡಜನ್ ಬೇಕಪ್ಪಾ ಅಂತ ಪಿಸುಗುಟ್ಟಿ, ಸಾಲಿನ ಕೊನೇಲಿ ನಿಂತುಕೊಂಡನಂತೆ.

ಮಾರಕ್ಕನ ಬಳೆ ಗಲಗಲ ಅಂತು, ಸಣ್ಣೋಬ ಮನೇಲೇ ಉಳಿದ, ನಿನ್ನ ಕಣ್ಣೂ ಮುಚ್ಚಿಕೊಳ್ತು, ನನ್ನ ಕತೆನೂ ಮುಗೀತು.