ಹದಿನೇಳು ಕಪ್ಪೆಚಿಪ್ಪು

ಜೀವವಿಜ್ಞಾನಿ ಭಾಗೀರಥಿ ಮೇಡಂ ನಿವೃತ್ತಿಯಾದ ಮೇಲೆ ಹೊಳೆಯ ದಡದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಮೂವತ್ತು ವರ್ಷಗಳಿಂದ ಅವರ ಕೆಲಸ ಒಂದೇ. ಹೊಳೆಯ ಮರಳಿನಲ್ಲಿ ಹುದುಗಿರುವ ಜೀವಂತ ಕಪ್ಪೆಚಿಪ್ಪುಗಳನ್ನು ಎಣಿಸುವುದು.

ಪಿಎಚ್‌ಡಿ ಮುಗಿಸಿದವರು ಆಗಾಗ ಅಲ್ಲಿಗೆ ಬರುತ್ತಿದ್ದರು. ವಿಜ್ಞಾನದಲ್ಲಿ ಮುಂದೆ ಬರುವುದು ಹೇಗೆ, ಹೆಸರು ಮಾಡುವುದು ಹೇಗೆ ಎಂದು ಕೇಳುತ್ತಿದ್ದರು. ಮೇಡಂ ಅವರ ಕೈಗೆ ಒಂದು ಬಿದಿರಿನ ಚೌಕಟ್ಟು ಕೊಟ್ಟು ನೀರಿಗೆ ಇಳಿಸುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದವರು ಎರಡನೇ ಸಲ ಬರುತ್ತಿರಲಿಲ್ಲ.

ಚೆಲುವರಾಜ ಅವರ ಬಳಿಯೇ ಐದು ವರ್ಷ ಎಣಿಸಿ ಕಲಿತವನು. ಈಗ ದೊಡ್ಡ ಸಂಸ್ಥೆಯೊಂದರಲ್ಲಿ ಅವನದೇ ಪ್ರಯೋಗಾಲಯವಿತ್ತು, ನಾಲ್ವರು ವಿದ್ಯಾರ್ಥಿಗಳಿದ್ದರು, ಒಂದು ಪ್ರಶಸ್ತಿಯೂ ಬಂದಿತ್ತು. ಆರು ವರ್ಷದಿಂದ ಮೇಡಂ ಮನೆ ಕಡೆ ತಲೆ ಹಾಕಿರಲಿಲ್ಲ.

ಒಂದು ಶನಿವಾರ ಬೆಳಗ್ಗೆ ಬಂದ. ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ಬಾಗಿಲಲ್ಲೇ ನಿಂತ.

“ಒಳಗೆ ಬಾರಪ್ಪ. ಕಾಫಿ ಕುಡಿ.”

“ಬೇಡ ಮೇಡಂ. ಒಂದು ವಿಷಯ ಕೇಳೋಣ ಅಂತ ಬಂದೆ.”

“ಕಾಫಿ ಕುಡಿದು ಕೇಳೋಕಾಗದೇ ಇರೋ ವಿಷಯ ಏನಿದ್ದೀತು?”

ಕುಡಿದ. ಲೋಟ ಖಾಲಿಯಾದ ಮೇಲೂ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

“ನನ್ನ ಹತ್ರ ಸಿಂಚನಾ ಅಂತ ಒಬ್ಬಳು ಪಿಎಚ್‌ಡಿ ಮಾಡ್ತಿದಾಳೆ ಮೇಡಂ. ಸುಳ್ಳು ಅಂಕಿ ಬರೆದುಬಿಟ್ಟಿದಾಳೆ.”

“ಯಾವ ಅಂಕಿ?”

ಚೆಲುವರಾಜನಿಗೆ ಹೆಸರು ತಂದುಕೊಟ್ಟಿದ್ದು ಒಂದೇ ಒಂದು ಪ್ರಬಂಧ. ನೀರಿನ ಬಿಸಿ ಮೂವತ್ತೆರಡು ಡಿಗ್ರಿ ದಾಟಿದರೆ ಈ ಹೊಳೆಯ ಕಪ್ಪೆಚಿಪ್ಪುಗಳು ಬಾಯಿ ಮುಚ್ಚಲಾರದೆ ಸಾಯುತ್ತವೆ ಎಂದು ಅದರಲ್ಲಿ ತೋರಿಸಿದ್ದ. ಅದೇ ಪ್ರಯೋಗವನ್ನು ಸಿಂಚನಾ ಇನ್ನೊಮ್ಮೆ ಮಾಡಿ ನೋಡಬೇಕಿತ್ತು.

“ಒಂದು ವರ್ಷ ಅವಳಿಗೆ ಬೇರೆ ಏನೋ ಬರ್ತಿತ್ತು,” ಎಂದ. “ಹತ್ತು ದಿನದ ಹಿಂದೆ ಇದ್ದಕ್ಕಿದ್ದ ಹಾಗೆ ಮೂವತ್ತೆರಡು ಬಂತು ಸರ್ ಅಂತ ತಂದ್ಲು. ನೋಡಿದ ತಕ್ಷಣ ನನಗೆ ಗೊತ್ತಾಯ್ತು, ಸುಳ್ಳು ಅಂತ.”

“ನಿನ್ನ ಅಂಕಿಗೇ ಸರಿಹೋಯ್ತಲ್ಲ. ಸುಳ್ಳು ಅಂತ ಹೇಗೆ ಗೊತ್ತಾಯ್ತು?”

ಚೆಲುವರಾಜ ಹೊಳೆಯ ಕಡೆ ನೋಡಿದ.

“ಗೊತ್ತಾಯ್ತು ಮೇಡಂ.”

ಮೇಡಂ ಅದನ್ನು ಮತ್ತೆ ಕೇಳಲಿಲ್ಲ.

“ಅವಳನ್ನ ಕಳಿಸಿಬಿಡಲಾ, ಸುಮ್ಮನಿದ್ದುಬಿಡಲಾ? ನೀವೇ ಹೇಳಿ. ಸೋಮವಾರ ಮಧ್ಯಾಹ್ನ ಕಮಿಟಿ ಕೂರುತ್ತೆ. ನನ್ನ ಕೆಲಸ ಖಾಯಂ ಮಾಡೋದೋ ಬಿಡೋದೋ ಅವತ್ತೇ ತೀರ್ಮಾನ.”

“ಪ್ಯಾಂಟು ಮಡಚಿಕೋ,” ಎಂದರು ಮೇಡಂ.

ಇಬ್ಬರೂ ಹೊಳೆಗೆ ಇಳಿದರು. ನೀರು ಮೊಣಕಾಲಿನವರೆಗೆ ಇತ್ತು, ಮಣ್ಣುಬಣ್ಣದ್ದು, ತಳ ಕಾಣುತ್ತಿರಲಿಲ್ಲ. ಮೇಡಂ ಚೌಕಟ್ಟನ್ನು ಮರಳಿಗೆ ಒತ್ತಿದರು.

ಅವರ ಬಳಿ ಕಲಿತವರೆಲ್ಲರಿಗೂ ಈ ಕ್ರಮ ಗೊತ್ತು. ಒಂದೇ ಚೌಕಟ್ಟಿನೊಳಗಿನ ಚಿಪ್ಪುಗಳನ್ನು ಇಬ್ಬರು ಎಣಿಸಬೇಕು. ಒಬ್ಬರು ಮರಳಿನೊಳಗೆ ಬೆರಳಾಡಿಸಿ ಎಣಿಸುವಾಗ ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಸಿಕ್ಕಿದ್ದನ್ನು ಅಲ್ಲೇ ಬಿಡಬೇಕು. ಆಮೇಲೆ ಎಣಿಕೆ ಹೇಳಬೇಕು, ಕಿರಿಯರು ಮೊದಲು. ಎರಡು ಎಣಿಕೆ ಬೇರೆಯಾದರೆ ಇಬ್ಬರೂ ಮತ್ತೆ ಬಗ್ಗಬೇಕು. ಕಿರಿಯರೇ ಮೊದಲು ಏಕೆ ಎಂದು ಮೇಡಂ ಯಾವತ್ತೂ ಹೇಳಿರಲಿಲ್ಲ. ಚೆಲುವರಾಜ ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವನು ಬಗ್ಗಿ ಎಣಿಸಿದ. ಹದಿನಾಲ್ಕು ಸಿಕ್ಕಿತು. ಎದ್ದು ಬೆನ್ನು ತಿರುಗಿಸಿದ.

ಹಿಂದೆ ನೀರು ಕಲಕಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೇಡಂ ಎದ್ದು ನಿಂತರು.

“ಹದಿನೇಳು,” ಎಂದರು.

ಅವರು ಮೊದಲು ಹೇಳಿಬಿಟ್ಟಿದ್ದರು. ಚೆಲುವರಾಜ ಗಲಿಬಿಲಿಗೊಂಡ. ತಾನು ನೀರಿಗೆ ಕೈ ಹಾಕಿಯೇ ಆರು ವರ್ಷವಾಯಿತು, ಮೇಡಂದು ಮೂವತ್ತು ವರ್ಷ ಪಳಗಿದ ಕೈ, ಮೂರು ಚಿಪ್ಪು ತನ್ನ ಬೆರಳಿಗೆ ತಪ್ಪಿರಬೇಕು ಎಂದುಕೊಂಡ.

“ನನಗೂ ಹದಿನೇಳೇ, ಮೇಡಂ.”

ಮೇಡಂ ಸೆರಗಿಗೆ ಕೈ ಒರೆಸಿಕೊಂಡರು.

“ನಾನು ಎಣಿಸಲೇ ಇಲ್ಲ ಕಣೋ. ನೀರಲ್ಲಿ ಸುಮ್ಮನೆ ಕೈಯಾಡಿಸಿದೆ ಅಷ್ಟೆ.”

ಚೆಲುವರಾಜನ ಮುಖ ಕಿವಿಯವರೆಗೆ ಬಿಸಿಯಾಯಿತು. ಯಾರೂ ಅವನನ್ನು ಹೆದರಿಸಿರಲಿಲ್ಲ. ಆ ಮೂರು ಚಿಪ್ಪಿನಿಂದ ಪಿಎಚ್‌ಡಿ ಹೋಗುತ್ತಿರಲಿಲ್ಲ, ಕೆಲಸವೂ ಹೋಗುತ್ತಿರಲಿಲ್ಲ. ಆದರೂ ಎಷ್ಟು ಸಲೀಸಾಗಿ ಬಾಯಿಂದ ಬಂದಿತ್ತು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

“ನಿನಗೆ ಸಿಕ್ಕಿದ್ದೆಷ್ಟು?”

“ಹದಿನಾಲ್ಕು.”

“ಆ ಹುಡುಗಿಗೆ ವರ್ಷವಿಡೀ ಸಿಕ್ಕಿದ್ದೆಷ್ಟು?”

“ಮೂವತ್ತನಾಲ್ಕು ಡಿಗ್ರಿ.”

“ನೀನೇನು ಹೇಳ್ತಿದ್ದೆ?”

“ಮೂವತ್ತೆರಡು ಬರಬೇಕು, ಬರೋವರೆಗೂ ಮಾಡು ಅಂತಿದ್ದೆ. ನಿನ್ನ ಕೈ ಸರಿಯಿಲ್ಲ ಅಂದೆ.” ಅವನು ಚೌಕಟ್ಟಿನ ಕಡೆ ನೋಡಿದ. “ಎಲ್ಲರ ಮುಂದೆ ಅಂದೆ.”

ಮೇಡಂ ದಡಕ್ಕೆ ಬಂದು ಬಂಡೆಯ ಮೇಲೆ ಕೂತರು. ಅವನು ನೀರಿನಲ್ಲೇ ನಿಂತಿದ್ದ.

“ಅವಳ ಕೈ ಸರಿಯಾಗೇ ಇತ್ತು ಮೇಡಂ. ಹೋದ ತಿಂಗಳು ಲ್ಯಾಬ್ ಬದಲಾಯಿಸುವಾಗ ನನ್ನ ಹಳೇ ಥರ್ಮಾಮೀಟರ್ ಸಿಕ್ತು. ಹೊಸದರ ಜೊತೆ ಒಂದೇ ಬಕೆಟ್ಟಿಗೆ ಹಾಕಿ ನೋಡಿದೆ. ನನ್ನದು ಎರಡು ಡಿಗ್ರಿ ಕಡಿಮೆ ತೋರಿಸುತ್ತೆ. ಮೂವತ್ತನಾಲ್ಕೇ ಸರಿ. ತಪ್ಪಿರೋದು ನನ್ನ ಪ್ರಬಂಧ.”

“ಆ ಥರ್ಮಾಮೀಟರ್ ಮರದ ಡಬ್ಬೀಲಿ ಇರೋದಾ?”

“ಹೌದು.”

ಮೇಡಂ ತಮ್ಮ ಒದ್ದೆ ಪಾದಗಳನ್ನು ನೋಡಿಕೊಂಡರು.

“ಅದನ್ನ ನಿನಗೆ ಕೊಟ್ಟವಳು ನಾನು. ಪರೀಕ್ಷೆ ಮಾಡಿ ಕೊಡಬೇಕಾಗಿತ್ತು. ಆತುರದಲ್ಲಿ ಹಾಗೇ ಕೊಟ್ಟೆ. ನನ್ನ ತಪ್ಪು ಅದು.”

“ಅಯ್ಯೋ, ನೀವು ಹಾಗನ್ನಬೇಡಿ ಮೇಡಂ.”

“ಆಗಿದ್ದನ್ನ ಅಂದೆ. ಪ್ರಬಂಧ ಅಚ್ಚಾದ ಪತ್ರಿಕೆಗೆ ನೀನು ತಿದ್ದುಪಡಿ ಬರೆಯುವಾಗ ನನ್ನ ಹೆಸರು ಹಾಕಿ ಇದನ್ನೂ ಬರಿ.”

ಚೆಲುವರಾಜ ಆರು ವರ್ಷದಲ್ಲಿ ಎಷ್ಟೋ ದೊಡ್ಡವರ ಜೊತೆ ಕೂತು ಊಟ ಮಾಡಿದ್ದ. ಅವರಲ್ಲಿ ಯಾರ ಬಾಯಲ್ಲೂ ಇಂಥ ಮಾತು ಕೇಳಿರಲಿಲ್ಲ. ಅವನ ಬಾಯಲ್ಲಂತೂ ಬಂದೇ ಇರಲಿಲ್ಲ. ಬಂಡೆಯ ಹತ್ತಿರ ಬಂದು ಮೇಡಂ ಕಾಲ ಬಳಿ ಮರಳಿನ ಮೇಲೆ ಕೂತ.

“ಇನ್ನೂ ಒಂದಿದೆ ಮೇಡಂ.”

“ಹೇಳು.”

“ಥರ್ಮಾಮೀಟರ್ ಸಿಕ್ಕಿ ಮೂರು ವಾರ ಆಯ್ತು.”

ಮೇಡಂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಅವಳು ಮೂವತ್ತೆರಡು ಅಂತ ತಂದಿದ್ದು ಹತ್ತು ದಿನದ ಹಿಂದೆ.”

“ಹೌದು. ಅಷ್ಟರಲ್ಲಿ ನನಗೆ ಎಲ್ಲಾ ಗೊತ್ತಿತ್ತು.”

“ಅವಳಿಗೆ ಏನಂದೆ?”

ಅವನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟ, ಮತ್ತೆ ಹಿಡಿದ.

“ಭೇಷ್ ಅಂದೆ.”

ಹೊಳೆಯ ಆಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

“ಅವಳು ನಗಲಿಲ್ಲ ಮೇಡಂ. ಥ್ಯಾಂಕ್ಸ್ ಸರ್ ಅಂತ ನೆಲ ನೋಡ್ಕೊಂಡು ಹೋದ್ಲು. ಅವತ್ತಿಂದ ಊಟಕ್ಕೂ ಎಲ್ಲರ ಜೊತೆ ಬರ್ತಿಲ್ಲ. ನಾನು ಆ ಅಂಕಿನ ಕಮಿಟಿಗೆ ಕಳಿಸಿದೆ. ನೋಡಿ, ಇನ್ನೊಬ್ಬರ ಕೈಲೂ ಇದೇ ಬಂತು ಅಂತ.” ಅವನ ದನಿ ಒಡೆಯಿತು. “ಚಿಕ್ಕವಳು, ಬಿಟ್ಟುಬಿಡು ಅಂತ ನೀವು ಹೇಳ್ತೀರಿ ಅನ್ಕೊಂಡು ಬಂದೆ. ನೀವು ಹಾಗೆ ಹೇಳಿದ್ರೆ ಸುಮ್ಮನಿರಬಹುದಲ್ಲ ಅಂತ. ಅವಳ ಮೇಲೆ ಕರುಣೆ ಇರೋನ ಹಾಗೆ ಮಾತಾಡಿದೆ. ನನ್ನ ಮೇಲೇ ಅಸಹ್ಯ ಆಗುತ್ತೆ ಮೇಡಂ.”

ಮೇಡಂ ಸಮಾಧಾನ ಹೇಳಲಿಲ್ಲ. ಅವನು ಕಣ್ಣು ಒರೆಸಿಕೊಳ್ಳುವವರೆಗೆ ಕಾದರು. ಆಮೇಲೆ ಚೌಕಟ್ಟಿನ ಕಡೆ ಕೈ ತೋರಿಸಿದರು.

“ಅದು ಇನ್ನೂ ಅಲ್ಲೇ ಇದೆ. ಎಣಿಸು.”

ಅವನು ಇಳಿದು, ಮೂಲೆ ಮೂಲೆಗೂ ಬೆರಳಿಳಿಸಿ, ನಿಧಾನವಾಗಿ ಎಣಿಸಿದ. ಅವನ ನಂತರ ಮೇಡಂ ಎಣಿಸಿದರು. ಈ ಸಲ ನಿಜವಾಗಿಯೇ ಎಣಿಸಿದರು. ಎದ್ದು, ಸೊಂಟ ಹಿಡಿದುಕೊಂಡು, ಅವನ ಮುಖ ನೋಡುತ್ತ ಸುಮ್ಮನೆ ನಿಂತರು.

“ಹದಿನೈದು,” ಎಂದ ಚೆಲುವರಾಜ.

“ಹದಿನಾರು,” ಎಂದರು ಮೇಡಂ.

ಇಬ್ಬರೂ ಮತ್ತೆ ಬಗ್ಗಿದರು. ಹದಿನೈದೇ ಇತ್ತು. ಮೇಡಂ ಮನೆಗೆ ಬಂದು ತಮ್ಮ ಪುಸ್ತಕದಲ್ಲಿ ಹದಿನೈದು ಎಂದು ಬರೆದು, ಪಕ್ಕದಲ್ಲಿ ಅವನ ಹೆಸರು ಬರೆದರು.

ಚೆಲುವರಾಜ ಒದ್ದೆ ಪ್ಯಾಂಟಿನಲ್ಲೇ ಚಪ್ಪಲಿ ಮೆಟ್ಟಿಕೊಂಡ. ಕಮಿಟಿ ಏನು ಮಾಡುತ್ತದೆ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಗಿಲ ಬಳಿ ಹೋದವನು ತಿರುಗಿ ನಿಂತ.

“ಸೋಮವಾರ ಬೆಳಗ್ಗೆ ಎಲ್ಲರನ್ನೂ ಕೂರಿಸ್ತೀನಿ ಮೇಡಂ. ಯಾಕೆ ಹಾಗೆ ಬರೆದೆ ಅಂತ ಸಿಂಚನಾನ ಕೇಳ್ತೀನಿ. ಅವಳು ಒಪ್ಪಿಕೊಂಡ ಮೇಲೆ ನಂದೂ ಹೇಳಿಬಿಡ್ತೀನಿ. ಕಿರಿಯರು ಮೊದಲು ಅಂತ ನೀವೇ ಕಲಿಸಿದ್ದಲ್ವಾ?”

“ಅದು ಎಣಿಕೆಗೆ ಕಣಪ್ಪ,” ಎಂದರು ಮೇಡಂ. “ತಪ್ಪು ಹೇಳುವಾಗ ಹಿರಿಯರು ಮೊದಲು.”