ಅಂಬಿಗನ ಬೆನ್ನಿನ ಮಚ್ಚೆ

"ಗುರುಗಳೇ, ಹುಟ್ಟಿನಿಂದ ಜೊತೆಗಿರುವುದಕ್ಕೂ ಹೆದರಬೇಕೆ?" ಎಂದು ಅಡಿವೆಪ್ಪ ಕೇಳಿದ. ಅವನು ಮನೆಮಾರು ಬಿಟ್ಟು ಮಠ ಸೇರಿದ ಶಿಷ್ಯ. ಕೇಳುವಾಗ ಅವನ ಕೈ ಕತ್ತಿನ ಹಿಂದಿನ ಮಚ್ಚೆಯನ್ನು ಸವರುತ್ತಿತ್ತು. ಇತ್ತೀಚೆಗೆ ಅದು ತುರಿಸುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

ಗುರುಗಳು ಕಂಡೂ ಕಾಣದವರಂತೆ ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಬಲು ಜಾಗರೂಕ. ಹೊಳೆಯ ಮರಳು ದಿಬ್ಬ ಒಂದು ಮಾರು ಜರುಗಿದರೂ ಗಳ ಇಟ್ಟು ಆಳ ನೋಡದೆ ಹರಿಗೋಲು ಬಿಡುತ್ತಿರಲಿಲ್ಲ. ಅವನ ಹೆಗಲಿನ ಹಿಂದೆ ಒಂದು ಮಚ್ಚೆಯಿತ್ತು. ಅಲ್ಲಿ ಮಚ್ಚೆಯಿದ್ದವನನ್ನು ನೀರು ಮುಳುಗಿಸುವುದಿಲ್ಲ ಎಂದು ಯಾರೋ ಶಾಸ್ತ್ರ ಹೇಳಿದ್ದರು. ಅದನ್ನು ಮುಟ್ಟಿಕೊಂಡೇ ಅವನು ದಿನವೂ ಹರಿಗೋಲು ಹತ್ತುತ್ತಿದ್ದ.

ವಾರವಾರ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವಳು ಹೆಂಡತಿ. ಹೆಸರುಕಾಳಿನಷ್ಟಿದ್ದ ಆ ಮಚ್ಚೆ ಅವಳ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಬೆರಳು ಅಲ್ಲೇ ನಿಂತಿತು. ಮಚ್ಚೆ ಹರಡಿತ್ತು. ಅಂಚು ಅಡ್ಡಾದಿಡ್ಡಿಯಾಗಿ, ಒಂದು ಕಡೆ ಕಪ್ಪು, ಒಂದು ಕಡೆ ಕೆಂಪಗಿತ್ತು.

"ಇದು ಮೊದಲಿನ ಹಾಗಿಲ್ಲ. ವೈದ್ಯರಿಗೆ ತೋರಿಸೋಣ, ನಡೆಯಿರಿ" ಎಂದಳು.

"ಬಿಡೇ, ಅದೃಷ್ಟ ಬೆಳೆದರೆ ಯಾರಾದರೂ ವೈದ್ಯರಿಗೆ ತೋರಿಸುತ್ತಾರೆಯೇ?" ಎಂದು ಅವನು ನಕ್ಕ. ಪಾಪ, ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಮಧ್ಯಾಹ್ನ ಹರಿಗೋಲಿನಲ್ಲೇ ಅವನಿಗೆ ಜೋಂಪು ಹತ್ತಿತು. ಕನಸಿನಲ್ಲಿ ಅವನ ಬೆನ್ನೇ ಹೊಳೆಯಾಗಿ ಹರಿಯುತ್ತಿತ್ತು. ಆ ಹೊಳೆಯಲ್ಲಿ ಅವನೇ ತೇಲುತ್ತಿದ್ದ. ನೀರು ಬೆಚ್ಚಗಿತ್ತು, ಸದ್ದೇ ಇರಲಿಲ್ಲ. ನಡುವೆ ಒಂದು ಕಪ್ಪು ದಿಬ್ಬ. ಚಿಕ್ಕಂದಿನಿಂದ ನೋಡಿದ ದಿಬ್ಬವೇ. ನೋಡನೋಡುತ್ತ ಅದು ಅಗಲವಾಯಿತು, ಮೆಲ್ಲಗೆ ದಡದತ್ತ ಚಾಚಿಕೊಂಡಿತು. ದಡದಲ್ಲಿ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಅವನು ಕೂಗಿದ, ದನಿ ಬರಲಿಲ್ಲ.

ಎದ್ದವನೇ ಕೈ ಹಿಂದೆ ಚಾಚಿ ಮಚ್ಚೆಯ ಅಂಚನ್ನು ಸವರಿ ನೋಡಿದ. ದಿಬ್ಬ ಜರುಗಿದರೆ ಹರಿಗೋಲು ನಿಲ್ಲಿಸುವ ತಾನು ಬೆನ್ನಿನ ವಿಷಯದಲ್ಲಿ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಅಂದೇ ಹೆಂಡತಿಯೊಡನೆ ಹೋದ. ವೈದ್ಯರು ಮೈಮೇಲಿನ ಮಚ್ಚೆಗಳನ್ನೆಲ್ಲ ನೋಡಿದರು. ಇದ್ದಂತೆಯೇ ಇದ್ದವನ್ನು ಹಾಗೇ ಬಿಟ್ಟರು. ಬದಲಾದ ಆ ಒಂದನ್ನು ಕತ್ತರಿಸಿ ತೆಗೆದರು. ಅದರಲ್ಲಿ ಹುಟ್ಟಿದ್ದ ರೋಗ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಅಂಬಿಗ ಉಳಿದುಕೊಂಡ.

ಕತೆ ಮುಗಿಯಿತು. ಅಡಿವೆಪ್ಪನ ಕೈ ಇನ್ನೂ ಕತ್ತಿನ ಮೇಲೇ ಇತ್ತು.

"ಆ ಹೆಂಡತಿ ಇಲ್ಲದೆ ಹೋಗಿದ್ದರೆ, ಗುರುಗಳೇ?" ಎಂದ.

"ಕೈ ತೆಗೆದು ಅತ್ತ ತಿರುಗು, ನಾನು ನೋಡುತ್ತೇನೆ" ಎಂದರು ಗುರುಗಳು.

ಅಡಿವೆಪ್ಪ ಕೈ ತೆಗೆದು ಅವರಿಗೆ ಬೆನ್ನಾಗಿ ಕುಳಿತ.