ಸಾತವ್ವ ಹೇಳಿದ ನೂರು ಎಲೆ

ಹಿರೇಮುತ್ತಲ ಮಠದ ಪೂಜ್ಯ ಶ್ರೀ ಗುರುಪಾದ ಅಜ್ಜನವರು ಪೂಜೆ ಮುಗಿದ ಮೇಲೆ ಗದ್ದುಗೆಯಲ್ಲಿ ಕೂಡುತ್ತಿದ್ದುದೇ ಅಪರೂಪ. ದಾಸೋಹದ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಸೇರಿಸಿ ಊಟದೆಲೆ ಹಚ್ಚುತ್ತ ಕುಳಿತಿರುತ್ತಿದ್ದರು. ಹೊಸಬರು ಬಂದು ಅವರನ್ನೇ ಅಜ್ಜನವರು ಎಲ್ಲಿದ್ದಾರೆಂದು ಕೇಳಿದ್ದೂ ಉಂಟು.

ಒಂದು ಶ್ರಾವಣದ ಮುಂಜಾನೆ ಪಟ್ಟಣದಿಂದ ಈರಸಂಗಪ್ಪ ಕಾರಿನಲ್ಲಿ ಬಂದ. ಅವನ ತಾಯಿ ಸಾತವ್ವ ತೀರಿಕೊಂಡು ಅಂದಿಗೆ ಒಂದು ವರ್ಷ. ಕೊನೆಯ ಗಳಿಗೆಯಲ್ಲಿ ಆಕೆ ಮಗನ ಕೈ ಹಿಡಿದು, "ಮಠಕ್ಕ ನೂರ ಎಲಿ..." ಎಂದಿದ್ದಳು. ಮಾತು ಅಲ್ಲಿಗೇ ನಿಂತಿತ್ತು. ನೂರು ಎಲೆ ಎಂದರೆ ನೂರು ಜನರ ಊಟ, ಇದರಲ್ಲಿ ತಿಳಿಯದಿರುವುದೇನಿದೆ? ಈರಸಂಗಪ್ಪ ಕೂತಲ್ಲಿಂದಲೇ ಮೊಬೈಲಿನಲ್ಲಿ ಎಲ್ಲ ಮುಗಿಸಿದ್ದ. ಅಡುಗೆ ಬಂತು, ಬಾಟಲಿ ನೀರು ಬಂತು, ಥರ್ಮಾಕೋಲಿನ ನೂರು ತಟ್ಟೆಗಳೂ ಬಂದವು. ಬಾರದ್ದು ಒಂದೇ, ಅವನ ಕಣ್ಣಲ್ಲಿ ನೀರು. ಮಣ್ಣು ಕೊಟ್ಟ ದಿನವೂ ಅದು ಬಂದಿರಲಿಲ್ಲ.

ಅಡ್ಡಬಿದ್ದು ಎದ್ದವನು ಅಜ್ಜನವರಲ್ಲಿ ಅದನ್ನೇ ತೋಡಿಕೊಂಡ. ಅವ್ವನ ಮಾತು ನಡೆಸಿದ್ದೇನೆ, ಆದರೂ ಒಳಗೆಲ್ಲ ಬಣಬಣ ಅನ್ನುತ್ತಿದೆ, ನಾನೆಂಥ ಮಗ ಎಂದ. ಅಜ್ಜನವರ ಕೈ ನಿಂತಿತು. ಸಾತವ್ವ ಶ್ರಾವಣದಲ್ಲಿ ಮಠಕ್ಕೆ ಹೋಗುತ್ತಿದ್ದಳೆಂದಷ್ಟೇ ಮಗನಿಗೆ ಗೊತ್ತಿತ್ತು. ಅಲ್ಲೇನು ಮಾಡುತ್ತಾಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

"ತಮ್ಮಾ, ನಿಮ್ಮವ್ವ ವರ್ಷಾ ವರ್ಷಾ ಇಲ್ಲೇ ಕುಂತು ನೂರ ಎಲಿ ಹಚ್ಚತಿದ್ಲು. ನಿನಗ ಊಟಾ ಹಾಕಸು ಅನ್ನಾಕ ಹೊಂಟಿರಲಿಲ್ಲೋ, ಎಲಿ ಹಚ್ಚು ಅನ್ನಾಕ ಹೊಂಟಿದ್ಲು."

ನಮ್ಮ ಕಡೆ ಎಲೆಯನ್ನೂ ಹಚ್ಚುತ್ತಾರೆ, ಜೀವವನ್ನೂ ಹಚ್ಚುತ್ತಾರೆ, ಮಾತು ಒಂದೇ.

ಅಜ್ಜನವರು ಸರಿದು ತಮ್ಮ ತಟ್ಟಿನಲ್ಲೇ ಅವನಿಗೆ ಜಾಗ ಮಾಡಿಕೊಟ್ಟರು. ಮೊದಲ ಎಲೆ ಹರಿಯಿತು, ಎರಡನೆಯದೂ ಹರಿಯಿತು. ಮೂರನೆಯದಕ್ಕೆ ಕಡ್ಡಿ ಬೆರಳಿಗೇ ಚುಚ್ಚಿತು. ಬೆರಳು ಉಜ್ಜಿಕೊಳ್ಳುವಾಗ ಅವ್ವನ ಒರಟು ಬೆರಳುಗಳು ನೆನಪಾದವು. ಆಕೆ ಗಲ್ಲ ಸವರಲು ಬಂದಾಗಲೆಲ್ಲ, ಚುಚ್ಚುತ್ತವೆ ಬಿಡವ್ವ ಎಂದು ಮುಖ ತಿರುಗಿಸುತ್ತಿದ್ದುದೂ ನೆನಪಾಯಿತು. ಈರಸಂಗಪ್ಪ ಎಲೆಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಜ್ಜನವರು ತಡೆಯಲಿಲ್ಲ, ಅವನ ಬೆನ್ನ ಮೇಲೆ ಕೈಯಿಟ್ಟರು. ಅತ್ತು ಹಗುರಾದ ಮೇಲೆ ಹೇಗೋ ಒಂದು ಎಲೆ ಮುಗಿಸಿದ.

ಮಧ್ಯಾಹ್ನ, ಹಸಿದು ಬಂದವರನ್ನು ಕಾಯಿಸಬಾರದೆಂದು ಅಜ್ಜನವರು ತಟ್ಟೆಗಳನ್ನೇ ಹಾಕಿಸಿದರು. ತಾವು ಮಾತ್ರ ಆ ಒಂದು ಸೊಟ್ಟ ಎಲೆಯ ಮುಂದೆ ಕುಳಿತರು. ಸಾರು ಸೋರಿ ಕಾವಿಯ ಮೇಲೆ ಹರಿಯಿತು. ಈರಸಂಗಪ್ಪ ಗಾಬರಿಯಿಂದ ತಟ್ಟೆ ತಂದರೆ, ಬೇಡವೆಂದು ನಕ್ಕುಬಿಟ್ಟರು.

"ಇರಲಿ ಬಿಡೋ. ಸಾತವ್ವನ ಮೊದಲನೇ ಎಲಿನೂ ಹಿಂಗ ಸೋರಿತ್ತು."

ಊಟವಾದ ಮೇಲೆ ಆ ಎಲೆ ತೆಂಗಿನ ಬುಡ ಸೇರಿತು. ತಟ್ಟೆಗಳನ್ನು ಸೇರಿಸಿಕೊಳ್ಳುವ ಬುಡ ಯಾವುದೂ ಇರಲಿಲ್ಲ. ಈರಸಂಗಪ್ಪನೇ ಅವನ್ನು ಕಾರಿಗೆ ತುಂಬಿಕೊಂಡು ಹೋದ. ಮಾರನೆಯ ದಿನ ಬೆಳಿಗ್ಗೆ ಯಾರೂ ಕರೆಯದೆಯೇ ಬಂದು, ಗೋಣಿತಟ್ಟಿನ ಅಂಚಿಗೆ ಕುಳಿತ. ಇನ್ನೂ ತೊಂಬತ್ತೊಂಬತ್ತು ಎಲೆ ಹಚ್ಚುವುದಿತ್ತು.